ಬೈಯುವ ಬಲ್ಬು

ನಮ್ಮ ಮನೆಯಲ್ಲಿ ಬೈಯುವುದು ಬಲ್ಬು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ.

ನನ್ನ ಅತ್ತೆ ಬೀರಿಯವರಿಗೆ ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಯಿತು. ಎಲೆ, ತಂಬಾಕು ಜಗಿದು ಜಗಿದು ಹುಟ್ಟಿದ ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಎಂಥಾ ಮಾತು ಅಂತೀರಿ! ನಮ್ಮೂರು ಅವರ್ಸಾದಲ್ಲಿ ನಮ್ಮ ಗದ್ದೆಯ ಈ ಬದಿಯಲ್ಲಿ ನಿಂತು ಕೂಗಿದರೆ ಆ ಬದಿಯ ತೆಂಗಿನ ತೋಟದಲ್ಲಿದ್ದವರು ಓ ಎನ್ನಬೇಕು. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲವೆಂದು ಸಸಿ ನೆಟ್ಟಿಗೆ ಬಂದ ಹೆಂಗಸರು ಬೆನ್ನ ಹಿಂದೆ ಗುಸುಗುಸು ಮಾಡಿದ್ದಕ್ಕೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತುಕೊಂಡೇ ಅವರ ಮೂರು ತಲೆಮಾರಿನ ಜಾತಕ ಬಿಚ್ಚಿಟ್ಟಿದ್ದರು. ಅವತ್ತು ಸಸಿ ನೆಡುತ್ತಾ ನಾನು ಅತ್ತುಬಿಟ್ಟೆ. ದುಃಖಕ್ಕೆ ಅತ್ತದ್ದಲ್ಲ.

ಮಾತು ಹೋದ ಮೇಲೆ ಅವರನ್ನು ಕೇಳಿಸಿಕೊಳ್ಳುವುದೇ ಕಷ್ಟವಾಯಿತು. ಓದು ಬರಹ ಇಲ್ಲ. ಮೊಣಕಾಲು ಹಿಡಿದಿದ್ದರಿಂದ ಎದ್ದು ಬರಲಾಗುವುದಿಲ್ಲ. ನಮ್ಮನ್ನು ಕರೆಯಲೆಂದು ಒಂದು ಗಂಟೆ ಕೊಟ್ಟೆವು. ದೇವರ ಮುಂದೆ ಬಾರಿಸುವುದನ್ನು ಗಂಜಿಗಾಗಿ ಬಾರಿಸುವುದೇ ಎಂದು ಅದಕ್ಕೆ ಕೈಮುಗಿದು ವಾಪಸು ಕೊಟ್ಟರು. ತಟ್ಟೆ ಬಡಿದರೆ ಮನೆಗೆ ದರಿದ್ರವಂತೆ, ಅದೂ ಬೇಡ.

ನನ್ನ ಗಂಡ ಮಹಾಬಲೇಶ್ವರ, ಊರವರ ಬಾಯಲ್ಲಿ ಮಾಬ್ಲ, ಕಾರವಾರದ ಒಂದು ಲಾಜಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಊಟದ ಹಾಲ್ ಹೊಸದಾಗಿ ಮಾಡಿಸುವಾಗ ಎಸೆಯಲಿಟ್ಟಿದ್ದ ಒಂದು ಡಿಮ್ಮರ್ ಹೊತ್ತು ತಂದರು. ಫ್ಯಾನಿನ ರೆಗ್ಯುಲೇಟರಿನಂಥದೇ ಒಂದು ಗುಂಡಿ. ತಿರುಗಿಸಿದ ಹಾಗೆ ಬಲ್ಬಿನ ಬೆಳಕು ಏರುತ್ತದೆ, ಇಳಿಯುತ್ತದೆ. ಅತ್ತೆಗೆ ಪೂರ್ತಿ ಕತ್ತಲಾದರೂ ನಿದ್ದೆ ಬಾರದು, ಪೂರ್ತಿ ಬೆಳಕಾದರೂ ಬಾರದು ಎಂದು ಅದನ್ನು ನಡುಮನೆಯಲ್ಲಿ ಅವರ ಮಂಚದ ಪಕ್ಕದ ಗೋಡೆಗೆ ಹಾಕಿಸಿದರು. ಬಲ್ಬು ಮಾತ್ರ ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲ ಮೇಲೆ. ಹಾಗಾಗಿ ಒಲೆಯ ಮುಂದಿರುವ ನನಗೆ ಬೆಳಕು ಕಾಣುತ್ತದೆ, ಅತ್ತೆ ಕಾಣುವುದಿಲ್ಲ.

ಒಂದೇ ವಾರದಲ್ಲಿ ಅತ್ತೆ ಆ ಬಲ್ಬಿಗೆ ಮಾತು ಕಲಿಸಿದರು. ಬೆಳಕು ಮೆಲ್ಲಗೆ ಅರ್ಧ ಏರಿ ನಿಂತರೆ ಚಹಾ. ಎರಡು ಸಲ ಏರಿ ಇಳಿದರೆ, ಬಾ. ಮೇಲಿಂದ ಮೇಲೆ ಮಿನುಗಿ ಹಾರಿದರೆ ಬೈಗುಳ. ಎಣ್ಣೆಯ ಸದ್ದು ಕೇಳಿಯೇ ಅವರಿಗೆ ಬಂಗಡೆ ಮೀನು ಮಗುಚುವ ಹೊತ್ತು ಗೊತ್ತಾಗುತ್ತಿತ್ತು. ನಾನು ತಡ ಮಾಡಿದೆನೋ, ಬಾಗಿಲ ಮೇಲೆ ಮಿಂಚು. ಕರೆಂಟು ಹೋದಾಗ ಊರೆಲ್ಲ ಶಾಪ ಹಾಕಿದರೆ ನಾನೊಬ್ಬಳು ಕಾಲು ಚಾಚಿ ಕೂರುತ್ತಿದ್ದೆ. ಆದರೂ ಸುಳ್ಳು ಹೇಳಬಾರದು, ಆ ಬೆಳಕು ಬಾವಿಕಟ್ಟೆಯವರೆಗೂ ಕಾಣುತ್ತಿತ್ತು, ಅತ್ತೆಗೆ ಏನಾದರೂ ಆದರೆ ತಿಳಿಯುತ್ತದೆ ಎಂದು ಅದಿದ್ದರೆ ನನಗೆ ಧೈರ್ಯ.

ಚೌತಿ ಮುಗಿದ ವಾರ ಬಲ್ಬು ಸುಟ್ಟಿತು. ಗಂಡ ಅಂಕೋಲೆಯ ಪೇಟೆಯಿಂದ ಹೊಸದು ತಂದು ಹಾಕಿದರು, ಬೆಳ್ಳಗಿನ ಬೆಳಕಿನದು. ಅದೇ ಹೊತ್ತಿಗೆ ಅತ್ತೆಯ ಸ್ವಭಾವವೂ ಕೆಟ್ಟಿತು ಎಂದು ನನಗನಿಸಿತು. ಹೊತ್ತಿಲ್ಲ ಗೊತ್ತಿಲ್ಲ, ಬಲ್ಬು ಪಕಪಕ ಎನ್ನುವುದು. ಅಕ್ಕಿ ತೊಳೆದರೆ ಬೈಗುಳ, ಪಾತ್ರೆ ಉಜ್ಜಿದರೆ ಬೈಗುಳ. ಕೈ ಒರೆಸಿಕೊಂಡು ಓಡಿ ಹೋಗಿ "ಎಂತದು ಅತ್ತೆ? ಈಗ ಎಂತಾ ಬೇಕು?" ಎಂದರೆ ಅವರು ಕಣ್ಣರಳಿಸಿ ನನ್ನನ್ನು ನೋಡಿ, ಏನೂ ಇಲ್ಲ ಎಂದು ಕೈ ಆಡಿಸುವರು. ಕರೆಯುವುದು, ಬಂದರೆ ಏನಿಲ್ಲ ಎನ್ನುವುದು! ಹದಿನೈದು ದಿನ ಸಹಿಸಿದೆ. ನನ್ನ ಹೆಸರು ಸೌಜನ್ಯಾ ಎಂದು ಇಟ್ಟವರು ನನ್ನ ಮೂಗಿನ ತುದಿಯನ್ನು ನೋಡಿರಲಿಲ್ಲ. ಸಿಟ್ಟು ಯಾವಾಗಲೂ ಅಲ್ಲೇ ಕೂತಿರುತ್ತದೆ.

ಗುರುವಾರ ಸಂಜೆ ಬಂಗಡೆಯನ್ನು ಎಣ್ಣೆಯಲ್ಲಿ ಕಾಯಿಸುತ್ತಿದ್ದೆ. ಬಲ್ಬು ಹಾರತೊಡಗಿತು. ಮೀನು ಮಗುಚಿದೆ, ನಿಲ್ಲಲಿಲ್ಲ. ಉರಿ ಸಣ್ಣ ಮಾಡಿದೆ, ನಿಲ್ಲಲಿಲ್ಲ. ಇನ್ನೂ ಜೋರಾಯಿತು. ಸಟ್ಟುಗ ನೆಲಕ್ಕೆ ಬಡಿದು ಕೂಗಿದೆ: "ಈ ಲೈಟೊಂದು ಸುಟ್ಟು ಬೂದಿಯಾದ್ರೆ ನಂಗೆ ಸುಖ!"

ಹಾಗೆಂದು ಬಾಯಿ ಮುಚ್ಚುವುದರೊಳಗೆ ಬಲ್ಬು ಆರಿತು. ಆಮೇಲೆ ಹೊತ್ತಲೇ ಇಲ್ಲ.

ಊಟ ಕೊಡಲು ಹೋದಾಗ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಡಿಮ್ಮರಿನ ಗುಂಡಿ ಇರಲಿಲ್ಲ, ಗೋಡೆಯಲ್ಲಿ ಬರೀ ಒಂದು ಮೊಳೆಯಂಥ ಕಡ್ಡಿ ಕಾಣುತ್ತಿತ್ತು. ಮಂಚದ ಕೆಳಗೆ ಹುಡುಕಿದೆ, ಸಿಗಲಿಲ್ಲ. ಅತ್ತೆ ತಮ್ಮ ಹಳೆಯ ಎಲೆಸಂಚಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿಯೇ ಇದ್ದರು. ಎಲೆ ಬಿಟ್ಟು ಎರಡು ವರ್ಷವಾದರೂ ಆ ಸಂಚಿಯನ್ನು ಮಾತ್ರ ಅವರು ಬಿಟ್ಟಿಲ್ಲ.

ಗಂಡ ಬಂದು ಡಿಮ್ಮರ್ ನೋಡಿದರು, ನನ್ನನ್ನು ನೋಡಿದರು. "ಸೌಜಿ, ನೀ ಎಂತಾದ್ರೂ ಮಾಡದ್ಯೇನೆ? ಸುಡಲಿ ಅಂತ ಕೂಗದ್ದು ಪಕ್ಕದ ಮನೆಯವ್ರಿಗೂ ಕೇಳದ್ಯಂತೆ."

"ನಾ ಮುಟ್ಟಲೇ ಇಲ್ಲ!"

"ಮತ್ತೆ ಗುಂಡಿ ಎಲ್ಲೋಯ್ತು? ಕಾಗೆ ಕಚ್ಕಂಡು ಹೋಯ್ತಾ?"

ಶಾಪ ಹಾಕಿದ್ದಂತೂ ನಾನೇ. ತನ್ನ ಬಾಯಿ ತನಗೇ ಶತ್ರು ಎನ್ನುವುದು ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಎರಡು ಸೀರೆ ಮಡಚಿ ಗಂಟು ಕಟ್ಟಿಟ್ಟಿದ್ದರು. ಮಗನಿಗೆ ಗಂಟು ತೋರಿಸಿದರು, ಗೋಡೆಯ ಮೇಲಿದ್ದ ಮಗಳ ಫೋಟೋ ತೋರಿಸಿದರು. ನಾದಿನಿ ಕಾಮಿಯನ್ನು ಕೊಟ್ಟದ್ದು ಹಣಕೋಣಕ್ಕೆ. ಗಂಡ ಅವಳಿಗೆ ಫೋನು ಮಾಡಿದರು. ಭಾನುವಾರ ರಿಕ್ಷಾ ತರುತ್ತೇನೆ ಎಂದಳಂತೆ.

ಊರು ಏನನ್ನುತ್ತದೆ ಎಂಬುದು ನನಗೆ ಗೊತ್ತಿತ್ತು. ಮಾತು ಹೋದ ಅತ್ತೆಗಿದ್ದ ಒಂದು ದೀಪವನ್ನೂ ಮುರಿದು ಅವರನ್ನು ಹೊರಗೆ ಹಾಕಿದಳು ಎನ್ನುತ್ತದೆ. ಅನ್ನಲಿ, ಊರಿಗೆ ನಾನು ಹೆದರುವವಳಲ್ಲ. ಆದರೆ ಕೆಸರಿನಲ್ಲಿ ನಿಂತು ನನ್ನ ಪರವಾಗಿ ಕೂಗಿದವರು ನನ್ನನ್ನು ಅಂಥವಳು ಎಂದು ತಿಳಿದುಕೊಂಡು ಹೋಗುತ್ತಾರಲ್ಲ, ಅದನ್ನು ನುಂಗಲು ಆಗಲಿಲ್ಲ.

ಅದೇ ದಿನ ಮಧ್ಯಾಹ್ನ ಬಟ್ಟೆ ಒಗೆದು ಬಂದರೆ ಅತ್ತೆ ನೆಲದ ಮೇಲೆ ಕೂತಿದ್ದರು. ಏಳಲು ಹೋಗಿ ಜಾರಿದ್ದರು. ಪೆಟ್ಟಾಗಿರಲಿಲ್ಲ, ಆದರೆ ಎಷ್ಟು ಹೊತ್ತು ಹಾಗೆ ಕೂತಿದ್ದರೋ! ನಾನು ಬಾವಿಕಟ್ಟೆಯಲ್ಲಿ ಬಲ್ಬಿನ ಕಾಟವಿಲ್ಲ ಎಂದು ಆರಾಮಾಗಿ ಬಟ್ಟೆ ಕುಕ್ಕುತ್ತಿದ್ದೆ. ಅವರನ್ನು ಎತ್ತಿ ಮಂಚಕ್ಕೆ ಕೂರಿಸಿದೆ. ಅವರು ನನ್ನ ಮುಖ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ವೈರಿಂಗ್ ತುಳಸಿದಾಸರ ಮನೆಗೆ ಹೋದೆ. ಡಿಮ್ಮರ್ ಹಾಕಿದವರೇ ಅವರು. ಹಲ್ಲುಜ್ಜುತ್ತಿದ್ದರು.

"ಸೋಮವಾರ ಬತ್ತೆ ತಂಗೀ. ಇವತ್ತು ಅಂಕೋಲೆಯಲ್ಲಿ ಒಂದು ಮನೆ ಕೆಲಸ ಅದೆ."

"ಸೋಮವಾರ ಬಂದ್ರೆ ದೀಪ ಹತ್ತತದೆ, ನೋಡೂಕೆ ಅತ್ತೆ ಇರೂದಿಲ್ಲ," ಎಂದು ಅವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅವರು ಹೆಂಡತಿಯ ಮುಖ ನೋಡಿದರು. "ಹೋಗಿ ಬನ್ನಿ ಮಾರಾಯ್ರೆ, ಇವ್ಳು ಇಳಿಯೂ ಜಾತಿ ಅಲ್ಲ," ಎಂದರು ಅವರ ಹೆಂಡತಿ.

ಗಂಡನಿಗೆ ಆ ದಿನ ರಜೆ. ನಡುಮನೆಯಲ್ಲಿ ಮೂವರನ್ನೂ ಕೂರಿಸಿ ಹೇಳಿದೆ: "ಎಲ್ಲರ ಎದುರಿಗೇ ಬಿಚ್ಚಿ. ಎಂತಾ ಆಗದೆ ಅಂತ ಎಲ್ಲರ ಎದುರಿಗೇ ಹೇಳಿ. ನಂದೇ ತಪ್ಪಾದ್ರೆ ನಾನೇ ಅತ್ತೆಯ ಕಾಲು ಹಿಡೀತೆ."

ತುಳಸಿದಾಸರು ಮೇನ್ ಸ್ವಿಚ್ ತೆಗೆದು ಕರೆಂಟು ನಿಲ್ಲಿಸಿ, ಟೆಸ್ಟರ್ ಇಟ್ಟು ನೋಡಿ, ಡಿಮ್ಮರಿನ ಮುಚ್ಚಳ ಬಿಚ್ಚಿದರು. ವೈರಿನ ತುದಿಗಳಿಗೆ ಟೇಪು ಸುತ್ತಿ ಅದನ್ನು ಹೊರಗೆ ತಂದರು. ಸುಟ್ಟ ವಾಸನೆ ಬಂತು. ಬೆಳಕಿಗೆ ಹಿಡಿದು ನೋಡಿ, "ಗುಂಡಿ ಎಲ್ಲಿ?" ಎಂದು ಕೇಳಿದರು.

ಗಂಡ ನನ್ನನ್ನೇ ನೋಡುತ್ತಿದ್ದರು.

ಆಗ ಅತ್ತೆ ಎಲೆಸಂಚಿಯ ದಾರ ಬಿಚ್ಚಿದರು. ಒಳಗೆ ಕೈಹಾಕಿ ಗುಂಡಿಯನ್ನು ತೆಗೆದು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. ತಲೆ ತಗ್ಗಿಸಿದ್ದರು. ಇನ್ನೊಂದು ಕೈಯಿಂದ ಗುಂಡಿಯನ್ನು ಜೋರಾಗಿ ತಿರುಗಿಸಿದ ಹಾಗೆ ಮಾಡಿ ತೋರಿಸಿದರು, ಕಿತ್ತು ಬಂದ ಹಾಗೆ ತೋರಿಸಿದರು, ಆಮೇಲೆ ತಮ್ಮ ಎದೆಯನ್ನೇ ಮುಟ್ಟಿಕೊಂಡರು. ನಾನೇ ಮುರಿದದ್ದು ಎಂದು ಅದರ ಅರ್ಥ.

ಎರಡು ದಿನ ಅವರು ಗೋಡೆಗೆ ತಿರುಗಿದ್ದು ನನ್ನ ಮೇಲಿನ ಸಿಟ್ಟಿಗಲ್ಲ, ನನಗೆ ಹೆದರಿ!

"ಥೋ ಬೀರಕ್ಕಾ, ಇದಕ್ಕೆ ಎರಡು ದಿನ ಮೋರೆ ಅಡಗಿಸದ್ಯಾ?" ಎಂದು ತುಳಸಿದಾಸರು ನಕ್ಕರು. "ಗುಂಡಿ ಒತ್ತಿ ಕೂರಿಸೂದಷ್ಟೇ, ಎಳೆದ್ರೆ ಬತ್ತದೆ, ಒತ್ತಿದ್ರೆ ಕೂರ್ತದೆ. ಸುಟ್ಟದ್ದು ಒಳಗೆ. ಇಕಾ, ಈ ಮೂರು ಕಾಲಿನ ಸಣ್ಣ ಪಾರ್ಟು." ಆಮೇಲೆ ಬಾಗಿಲ ಮೇಲಿನ ಬಲ್ಬನ್ನು ನೋಡಿ ಅವರ ನಗು ನಿಂತಿತು. "ಈ ಎಲ್‌ಇಡಿ ಯಾರು ಹಾಕದ್ದು?"

ಗಂಡ ಕೆಮ್ಮಿದರು. "ನಾನು. ಹಳೆ ನಮೂನೆಯದು ಅಂಗಡಿಯಲ್ಲಿ ಇರ್ಲಿಲ್ಲ."

"ಈ ಡಿಮ್ಮರ್ ಹಳೆ ತಂತಿಯ ಗುಂಡು ಬಲ್ಬಿಗೆ ಮಾಡದ್ದು ಮಾಬ್ಲ. ಎಲ್ಲಾ ಎಲ್‌ಇಡಿಗೆ ಇದು ಹೊಂದೂದಿಲ್ಲ. ಯಾರೂ ಗುಂಡಿ ಮುಟ್ಟದಿದ್ರೂ ತನ್ನಷ್ಟಕ್ಕೇ ಪಕಪಕ ಹಾರತದೆ, ಕಡೆಗೆ ಡಿಮ್ಮರನ್ನೇ ಸುಡ್ತದೆ. ಹಾರತಿತ್ತಾ ಇಲ್ವಾ?"

ಯಾರೂ ಮುಟ್ಟದಿದ್ದರೂ! ನಾನು ಮಂಚದ ಹತ್ತಿರ ಹೋಗಿ ಕುಕ್ಕರಿಸಿ ಕೂತೆ. "ಅತ್ತೆ, ಹದಿನೈದು ದಿನ ಬೈದದ್ದು ನೀವಲ್ವಾ?"

ಅತ್ತೆ ಜೋರಾಗಿ ತಲೆ ಅಲ್ಲಾಡಿಸಿದರು. ನನ್ನ ಕಡೆ ಕೈ ತೋರಿಸಿ, ಬಾಯಿ ಅಗಲಿಸಿ ಕೂಗುವ ಹಾಗೆ ಮಾಡಿ, ಯಾಕೆ ಎಂದು ಅಂಗೈ ತಿರುವಿದರು. ಬಲ್ಬು ಹಾರುವುದು ಕರೆಂಟಿನ ಆಟ, ಕರೆಯದೆ ಬಂದು ಕೂಗುವುದು ಸೊಸೆ. ಹದಿನೈದು ದಿನ ಅವರು ಕಂಡದ್ದು ಅದನ್ನೇ. ಸೊಸೆಗೆ ನಾನು ಬೇಡವಾದೆ ಎಂದುಕೊಂಡಿರಬೇಕು. ಗುರುವಾರ ಸಂಜೆ ಬಲ್ಬು ಹಾರುವುದನ್ನು ನಿಲ್ಲಿಸಲೆಂದೇ ಗುಂಡಿಯನ್ನು ಅತ್ತ ಇತ್ತ ತಿರುವಿದ್ದಾರೆ, ಗುಂಡಿ ಕೈಗೆ ಬಂದಿದೆ, ಅದೇ ಹೊತ್ತಿಗೆ ಅಡುಗೆಮನೆಯಿಂದ ನನ್ನ ಶಾಪ ಬಂದಿದೆ. ಗಂಟು ಕಟ್ಟದೆ ಇನ್ನೇನು ಮಾಡಿಯಾರು?

ಅತ್ತೆಯೂ ನಾನೂ ಒಟ್ಟಿಗೇ ನನ್ನ ಗಂಡನ ಕಡೆ ತಿರುಗಿದೆವು.

"ನಂಗೆಂತಾ ಗೊತ್ತು?" ಎಂದರು ಅವರು. "ನಾ ಒಳ್ಳೇದಕ್ಕೇ ಮಾಡದ್ದು."

"ಮೊನ್ನೆ ನನ್ನ ಕೇಳದ್ರಲ್ಲ, ನೀ ಎಂತಾದ್ರೂ ಮಾಡದ್ಯೇನೆ ಅಂತ? ಈಗ ಕೇಳ್ಕಳಿ, ನಿಮ್ಮನ್ನೇ ಕೇಳ್ಕಳಿ!" ಎಂದೆ. ಅತ್ತೆಯ ಹೊಟ್ಟೆ ಕುಲುಕಿತು. ದನಿಯಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಆಪರೇಶನ್ ಆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ತುಳಸಿದಾಸರು ಮೇನ್ ಹಾಕಿ, ಬೆಸುಗೆಯ ಕಡ್ಡಿಯನ್ನು ಹಿತ್ತಿಲ ಬಾಗಿಲ ಹತ್ತಿರದ ಪ್ಲಗ್ಗಿಗೆ ಚುಚ್ಚಿ ಕಾಯಿಸಿದರು. ಸುಟ್ಟ ತುಂಡನ್ನು ತೆಗೆದು, ತಮ್ಮ ಡಬ್ಬಿಯಲ್ಲಿದ್ದ ಯಾವುದೋ ಹಳೆಯ ರೆಗ್ಯುಲೇಟರಿನಿಂದ ಅಂಥದೇ ಒಂದನ್ನು ಕಿತ್ತು ಕೂರಿಸಿದರು. ಮತ್ತೆ ಮೇನ್ ತೆಗೆದು ಡಿಮ್ಮರನ್ನು ಗೋಡೆಗೆ ಹಾಕಿದರು. ಬಲ್ಬಿನ ಚಿಂತೆ ಉಳಿಯಿತು. ಅವರು ಕರೆಂಟು ಬರುತ್ತದೋ ಇಲ್ಲವೋ ನೋಡಲು ತಾವು ಊರೂರು ಹೊತ್ತು ತಿರುಗುವ ಟೆಸ್ಟ್ ಲ್ಯಾಂಪಿನಿಂದ ಗುಂಡು ಬಲ್ಬನ್ನು ಬಿಡಿಸಿದರು. "ನಂಗೆ ಬೇರೆ ಸಿಗತದೆ. ಇದು ಬೀರಕ್ಕನ ನಾಲಗೆ, ಇಲ್ಲೇ ಇರ್ಲಿ."

ಬಲ್ಬು ಸಿಕ್ಕಿಸಿ ಮೇನ್ ಹಾಕಿದ ಮೇಲೆ ಗುಂಡಿಯನ್ನು ಅತ್ತೆಯ ಕೈಯಿಂದಲೇ ಒತ್ತಿಸಿದರು. ಟಕ್ ಎಂದು ಕೂತಿತು.

"ನೀ ಅಡಿಗೆಮನೆಗೆ ಹೋಗು ತಂಗೀ. ಅಲ್ಲಿಂದ ನೋಡು."

ನಾನು ಒಲೆಯ ಮುಂದೆ ಹೋಗಿ ನಿಂತೆ. ಬಾಗಿಲ ಮೇಲೆ ಹಳದಿ ಬೆಳಕು ಮೆಲ್ಲಗೆ ಏರಿತು. ಅರ್ಧಕ್ಕೆ ನಿಂತಿತು. ಒಂದಿಷ್ಟೂ ಅಲುಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಎಲ್ಲರಿಗೂ ಚಹಾಕ್ಕೆ ನೀರಿಟ್ಟೆ. ಅತ್ತ ಗಂಡ ಕಾಮಿಗೆ ಫೋನಿನಲ್ಲಿ ಹೇಳುತ್ತಿದ್ದರು: "ರಿಕ್ಷಾ ಬೇಡ. ನೀನೇ ಬಾ, ಊಟಕ್ಕೆ." ಗಂಟಿನಲ್ಲಿದ್ದ ಎರಡು ಸೀರೆಗಳನ್ನು ಆಮೇಲೆ ನಾನೇ ಬಿಚ್ಚಿ ಕಪಾಟಿಗಿಟ್ಟೆ.

ಭಾನುವಾರ ಕಾಮಿ ಬಂದಳು ಎಂದು ಬಂಗಡೆ ಕಾಯಿಸಿದೆ. ಅವಳ ಜೊತೆ ಮಾತಾಡುತ್ತಾ ಬಾಣಲೆಯನ್ನು ಮರೆತೆ. ಬಾಗಿಲ ಮೇಲೆ ಬೆಳಕು ಪೂರ್ತಿ ಏರಿ ಹಾರತೊಡಗಿತು, ಒಂದಲ್ಲ ಎರಡಲ್ಲ, ಆರು ಸಲ. ಬೈದದ್ದು ಅತ್ತೆಯೋ ಬಲ್ಬೋ ಎಂದು ಸಟ್ಟುಗ ಹಿಡಿದೇ ನಡುಮನೆಗೆ ಇಣುಕಿದೆ. ಅತ್ತೆಯ ಕೈ ಗುಂಡಿಯ ಮೇಲಿತ್ತು. ಕೆಂಗಣ್ಣು ಮಾಡಿ ನನ್ನನ್ನೇ ನೋಡುತ್ತಿದ್ದರು. ಇದು ನಿಜವಾದ ಬೈಗುಳ, ನನಗೇ ಬೈದದ್ದು.

"ಬೈರಿ ಅತ್ತೆ, ಇನ್ನೂ ಎರಡು ಬೈರಿ," ಎಂದು ಓಡಿ ಹೋಗಿ ಮೀನು ಮಗುಚಿದೆ. ಒಂದು ಬದಿ ಕರಿಯಾಗಿತ್ತು. ಆ ಬದಿಯನ್ನು ಗಂಡನ ತಟ್ಟೆಗೆ ಹಾಕಿದೆ.