ಹೆಸರು ಬರೆದ ಚೀಲಗಳು

ನಲವತ್ತೆರಡು ಚೀಲಗಳಲ್ಲಿ ನಿನ್ನವು ಎಷ್ಟು ಎಂದು ಆಹಾರ ಇಲಾಖೆಯ ಅಧಿಕಾರಿ ಮೂರನೆಯ ಬಾರಿ ಹಿಂದಿಯಲ್ಲಿ ಕೇಳಿದ. ಒಂದೂ ತನ್ನದಲ್ಲ ಎಂದು ಅಮೃತಪ್ಪ ಮೂರನೆಯ ಬಾರಿಯೂ ಹೇಳಿದ.

ಅದು ಸುಳ್ಳಲ್ಲ. ಸಿಂದಗಿ ಕಡೆಯಿಂದ ಬಂದು ಪಕ್ಕದ ರಾಜ್ಯದ ಶಹರಿನ ಕುಷಾಯಿಗೂಡದಲ್ಲಿ ನೆಲೆಸಿದವರು ಸುಗ್ಗಿ ಮುಗಿಯುತ್ತಲೇ ವರ್ಷಕ್ಕಾಗುವಷ್ಟು ತೊಗರಿಬೇಳೆ ಊರಿಂದ ತರಿಸುತ್ತಾರೆ. ಎರಡು ಕೋಣೆಯ ಮನೆಗಳಲ್ಲಿ ಇಡಲು ಜಾಗವಿಲ್ಲ. ಅಮೃತಪ್ಪನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಚೀಲದ ಮೇಲೆ ಹೆಸರು ಬರೆದಿಟ್ಟು, ಬೇಕಾದಾಗ ಒಯ್ಯುತ್ತಾರೆ. ಹದಿನೆಂಟು ವರ್ಷಗಳಿಂದ ಬಾಡಿಗೆಯೂ ಇಲ್ಲ, ಚೀಟಿಯೂ ಇಲ್ಲ.

ಬೇಳೆ ಕಿಲೋಗೆ ನೂರೆಂಬತ್ತು ದಾಟಿತ್ತು. ಇದಕ್ಕೆಲ್ಲ ಅಕ್ರಮ ದಾಸ್ತಾನೇ ಕಾರಣ ಎಂದು ಹಿಂದಿನ ದಿನ ಟಿ.ವಿ.ಯಲ್ಲಿ ಹೇಳಿದ್ದ ಮಂತ್ರಿ ಈಗ ನಾಲ್ಕು ಕ್ಯಾಮೆರಾಗಳೊಂದಿಗೆ ಅಂಗಡಿಯ ಮುಂದೆ ನಿಂತಿದ್ದರು. ಅಲ್ಲಿದ್ದದ್ದು ಒಂದು ಟನ್ನಿಗಿಂತ ತುಸು ಹೆಚ್ಚು, ಅಂಗಡಿಗಳಿಗೆ ಸರ್ಕಾರ ಹಾಕಿದ ಮಿತಿಯೊಳಗೇ ಇತ್ತು. ಆದರೆ ದಾಸ್ತಾನು ರಿಜಿಸ್ಟರಿನಲ್ಲಿ ಒಂದು ಚೀಲವೂ ಇರಲಿಲ್ಲ. ಚೀಲದವರು ಬಂದು ತಮ್ಮದೆಂದು ಸಹಿ ಹಾಕಬೇಕು, ಇಲ್ಲವಾದರೆ ಬೇಳೆ ಜಪ್ತಿ, ಲೈಸೆನ್ಸ್ ರದ್ದು ಎಂದ ಅಧಿಕಾರಿ.

ಅಮೃತಪ್ಪ ಹನ್ನೊಂದು ಮನೆಗಳಿಗೆ ಫೋನು ಮಾಡಿದ. ಕೆಲವರು ಎತ್ತಲಿಲ್ಲ; ಎತ್ತಿದವರು ಕೆಲಸದಲ್ಲಿದ್ದರು. ಬಂದವಳು ಎದುರು ಗಲ್ಲಿಯ ಎಪ್ಪತ್ತರ ಅಂಬವ್ವ ಒಬ್ಬಳೇ. ಹಿಂದೆಯೇ ಬಂದ ಅವಳ ಮಗ ಶಾಂತಕುಮಾರ ಸರ್ಕಾರಿ ನೌಕರ. ಕ್ಯಾಮೆರಾ ಕಂಡವನೇ, ಹೆಸರು ಟಿ.ವಿ.ಯಲ್ಲಿ ಬಂದರೆ ನೌಕರಿಗೆ ಕುತ್ತು ಎಂದು ತಾಯಿಯ ಕಿವಿಯಲ್ಲಿ ಹೇಳಿ ಹೊರಗೇ ನಿಂತ.

"ಯವ್ವಾ, ಇದು ನಂದು ಅಂತ ಒಂದ್ ಮಾತು ಹೇಳಬೇ. ಅಷ್ಟ ಸಾಕು," ಎಂದ ಅಮೃತಪ್ಪ.

ಅಂಬವ್ವ ತನ್ನ ಹೆಸರಿದ್ದ ಚೀಲ ನೋಡಿದಳು, ಮಗನನ್ನು ನೋಡಿದಳು.

"ನಂದಲ್ಲ ತಮ್ಮಾ. ಅಂಬವ್ವ ಅನ್ನೋರು ಭಾಳ ಮಂದಿ ಅದಾರ."

ಜಪ್ತಿಯಾದ ಬೇಳೆ ಮಾರಲು ಜಿಲ್ಲಾಧಿಕಾರಿಯ ಆದೇಶ ಬೇಕು. ಅದು ನಾಲ್ಕೇ ದಿನದಲ್ಲಿ ಬಂತು. ಮುಚ್ಚಿದ ಅಂಗಡಿಯ ಮುಂದೆ ಮೇಜು ಹಾಕಿ, ಕಿಲೋಗೆ ನೂರಿಪ್ಪತ್ತು, ತಲೆಗೆ ಒಂದೇ ಕಿಲೋ ಎಂದು ಬ್ಯಾನರ್ ಕಟ್ಟಿದರು. ಕೂಡಿಟ್ಟ ಕೈಯೇ ಹಂಚಲಿ ಎಂದು ಮಂತ್ರಿ ನಗುತ್ತ ಅಮೃತಪ್ಪನನ್ನು ತಕ್ಕಡಿಯ ಮುಂದೆ ನಿಲ್ಲಿಸಿದರು. ಸಾಲಿನಲ್ಲಿದ್ದವರ ಪೈಕಿ ಚೀಲದ ಮೇಲೆ ಹೆಸರಿದ್ದವರೂ ಇದ್ದರು.

"ಇವತ್ತರ ತಕ್ಕಡಿ ನೆಟ್ಟಗ ಹಿಡೀರಿ ಸಾವ್ಕಾರ್ರ," ಎಂದು ಯಾರೋ ಅಂದರು. ನಾಲ್ಕು ಜನ ನಕ್ಕರು. ಅಮೃತಪ್ಪ ಮುಂದಿನ ಕಿಲೋ ತೂಗಿದ.

ಅಂಬವ್ವನ ಸರದಿ ಬಂತು. ಕಿಲೋ ತೂಗಿ ಅವಳ ಚೀಲಕ್ಕೆ ಸುರಿದವನ ಕೈ, ರೂಢಿಯಂತೆ, ಮೇಲೊಂದು ಹಿಡಿ ಕೊಸರು ಹಾಕಿತು. ಒಂದು ಕಿಲೋ ಎಂದರೆ ಒಂದೇ ಕಿಲೋ, ವಾಪಸ್ ತೆಗೆ ಎಂದ ಅಧಿಕಾರಿ.

ಅಮೃತಪ್ಪ ಅವಳ ಚೀಲದೊಳಗೆ ಕೈ ಇಳಿಸಿ ಒಂದು ಹಿಡಿ ಬೇಳೆ ಹೊರತೆಗೆದ. ಅವನ ಕೈಗೆ ತಾಕದಂತೆ ಅಂಬವ್ವ ಚೀಲದ ಬಾಯಿಯನ್ನು ಅಗಲವಾಗಿ ಹಿಡಿದು ನಿಂತಿದ್ದಳು.