ಬೀಗದ ಫಾದರ್ ಪಾಲಿನ ತಟ್ಟೆ

ನನ್ನ ತಮ್ಮ ಬೆನೆಡಿಕ್ಟೈನ್ ಅನ್ನೋ ಕ್ರೈಸ್ತ ಸನ್ಯಾಸಿಗಳ ಮಠದ ದೊಡ್ಡ ಫಾದರ್. ಊರಿನ ಬಾಯಲ್ಲಿ ಮಾತ್ರ ಬೀಗದ ಫಾದರ್. ಮಠದ ಹೆಸರುವಾಸಿ ಶಾಲೆಗೆ ಬೀಗ ಜಡಿದು, ಆ ಕೋಣೆಗಳಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಹಾಸಿಗೆ ಹಾಕಿಸಿದ ಪುಣ್ಯಾತ್ಮ. ಬೀದಿಗೆ ಬಿದ್ದ ಮೇಷ್ಟ್ರುಗಳಲ್ಲಿ ನಮ್ಮ ಯಜಮಾನರೂ ಒಬ್ಬರು. ಸ್ವಂತ ಭಾವನ ಹೊಟ್ಟೆ ಮೇಲೆ ಹೊಡೆದವನನ್ನು ಸಂತ ಅನ್ನೋಕೆ ನನಗೆ ಇವತ್ತಿಗೂ ನಾಲಿಗೆ ಏಳೋಲ್ಲ.

ಯಜಮಾನರು ತೀರಿಕೊಂಡಾಗ ಮನೆಗೆ ಬಂದಿದ್ದ. ಎಷ್ಟಾದರೂ ಒಡಹುಟ್ಟಿದವನು ಅಂತ ಸಿಟ್ಟು ನುಂಗಿಕೊಂಡು ಸೂಪು, ಬ್ರೆಡ್ಡು ತಂದು ಮುಂದಿಟ್ಟೆ. ಮುಟ್ಟಲಿಲ್ಲ. ಸಂಜೆಯೊಳಗೆ ಮಠಕ್ಕೆ ಮರಳುವವರು ಹೊರಗೆ ಉಣ್ಣಬಾರದಂತೆ. ದೊಡ್ಡ ಫಾದರ್ ಅಪ್ಪಣೆ ಕೊಟ್ಟರೆ ಮಾತ್ರ ಉಣ್ಣಬಹುದಂತೆ.

"ಅಪ್ಪಣೆ ಕೊಡೋ ದೊಡ್ಡವನು ನೀನೇ ಅಲ್ವೇನೋ?" ಅಂದೆ.

"ನನಗೆ ನಾನೇ ಕೊಟ್ಕೊಂಡ್ರೆ ಅದು ಅಪ್ಪಣೆ ಆಗುತ್ತೇನಕ್ಕಾ?" ಅಂದ.

ಹಸಿದಿದ್ದ. ಎತ್ತಿ ಆಡಿಸಿದವಳಿಗೆ ಅವನ ಹಸಿದ ಮುಖ ಗೊತ್ತಾಗಲ್ವೆ? ಮೈಯೆಲ್ಲ ಉರಿದುಹೋಯ್ತು. ತಟ್ಟೆ ಎತ್ತಿಕೊಂಡು, ಇನ್ನು ಈ ಹೊಸಿಲು ತುಳಿಯಬೇಡ ಅಂದುಬಿಟ್ಟೆ. ಹೇಳಿದ ಮಾತು ಮೀರದ ಜನ್ಮ ನೋಡಿ, ಆಮೇಲೆ ತುಳಿಯಲೇ ಇಲ್ಲ.

ಹೋದ ವಾರ ಅವನನ್ನು ಮಠದಲ್ಲೇ ಮಣ್ಣು ಮಾಡಿದರು. ನಾನು ಹೋಗಲಿಲ್ಲ. ಹಾಳು ಹಟ. ಇವತ್ತು ಮನೆಯಲ್ಲಿ ಕೂರಲಾಗದೆ ಹೊರಟೆ. ಅಕ್ಕ ಅಂತ ಒಬ್ಬಳಿದ್ದಾಳೆ ಅಂತ ಅವನು ಯಾರ ಹತ್ತಿರವಾದರೂ ಹೇಳಿದ್ದನಾ, ಅಷ್ಟು ತಿಳಿದರೆ ಸಾಕಿತ್ತು.

ಬಸ್ಸಿನಲ್ಲಿ ಇಬ್ಬರು ಅವನ ವಿಷಯಕ್ಕೇ ಕಿತ್ತಾಡುತ್ತಿದ್ದರು. ಆ ಹಾಸಿಗೆಗಳಲ್ಲಿ ಮಲಗಿ ಬದುಕಿ ಎದ್ದವನೊಬ್ಬ, ದೇವರಂಥ ಮನುಷ್ಯ ಅಂತಿದ್ದ. ಮಗನ ಓದು ಅರ್ಧಕ್ಕೆ ನಿಂತ ದರ್ಜಿ, ಊರಿನ ಮಕ್ಕಳನ್ನೇ ಹಾಳು ಮಾಡಿದ ಅಂತಿದ್ದ. ಇಬ್ಬರೂ ಹೇಳೋದು ನಿಜ ಅಂದೆ. ಇಬ್ಬರೂ ನನ್ನ ಮೇಲೇ ತಿರುಗಿಬಿದ್ದರು.

ಮಠದ ಬಾಗಿಲು ಕಾಯುವ ಬ್ರದರ್ ನನ್ನ ತೇಪೆ ಹಾಕಿದ ಕೋಟು ನೋಡಿದ. ಬಾಯಿ ತೆರೆಯೋಕೂ ಬಿಡದೆ ಬೆಂಚಿನ ಮೇಲೆ ಕೂರಿಸಿ, ಒಂದು ತಟ್ಟೆ ತಂದಿಟ್ಟ. ಸೂಪು, ಬ್ರೆಡ್ಡು. ಅಲ್ಲಿ ಯಾರಾದರೂ ತೀರಿಕೊಂಡರೆ ಒಂದು ತಿಂಗಳು ದಿನಾ ಅವರ ಜಾಗದಲ್ಲಿ ಊಟ ಬಡಿಸಿಟ್ಟು, ಎಲ್ಲರ ಊಟ ಆದ ಮೇಲೆ ಅದನ್ನು ಬಾಗಿಲಿಗೆ ಬಂದ ಬಡವರಿಗೆ ಕೊಡ್ತಾರಂತೆ. ಇದು ನಮ್ಮ ದೊಡ್ಡ ಫಾದರ್ ಪಾಲಮ್ಮ ಅಂದ.

ಅವರಿಗೆ ಮನೆಯವರು ಅಂತ ಯಾರೂ ಇರಲಿಲ್ವಾ ಅಂತ ಮೆಲ್ಲಗೆ ಕೇಳಿದೆ.

ಒಬ್ಬ ಅಕ್ಕ ಇದ್ದಾರಂತೆ ಅಂದ. ಊಟದ ಹೊತ್ತಿನಲ್ಲಿ ಅಲ್ಲಿ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲವಂತೆ. ಆ ನಿಯಮವನ್ನು ದೊಡ್ಡ ಫಾದರ್ ಮುರಿದದ್ದು ಒಂದೇ ಸಲ, ಭಾವನ ಸಾವಿಗೆ ಹೋಗಿ ಬಂದ ಸಂಜೆಯಂತೆ.

"ನಾನು ಪಕ್ಕದಲ್ಲೇ ಕೂತಿದ್ದೆ. ಚಮಚ ಕೆಳಗಿಟ್ಟು, 'ಅಕ್ಕ ಬಡಿಸಿದ್ದನ್ನ ಉಣ್ಣಬೇಕಿತ್ತು' ಅಂತ ಎಲ್ಲರಿಗೂ ಕೇಳೋ ಹಾಗೆ ಅಂದರು. ಮಾತಾಡಿದ ತಪ್ಪಿಗೆ ಊಟ ಮುಗಿಯೋವರೆಗೂ ನಮ್ಮೆಲ್ಲರ ಮುಂದೆ ಮೊಣಕಾಲೂರಿದ್ದರು. ಆ ಅಕ್ಕ ಮಾತ್ರ ಮಣ್ಣಿಗೂ ಬರಲಿಲ್ಲ ನೋಡಿ."

"ಬಂದಿದ್ದಾಳಪ್ಪ," ಅಂದೆ.

ಬ್ರದರ್ ಗಾಬರಿಯಾಗಿ, ಒಳಗೆ ಬನ್ನಿ, ಬಿಸಿಯಾಗಿ ಏನಾದರೂ ಮಾಡಿಸ್ತೀನಿ ಅಂತ ತಟ್ಟೆ ಎತ್ತಲು ಬಂದ. ನಾನು ಬಿಡಲಿಲ್ಲ. ಆರಿಹೋದ ಆ ಸೂಪನ್ನು ಒಂದು ತೊಟ್ಟೂ ಉಳಿಸದೆ ಉಂಡೆ.