ನಾಲ್ಕನೆಯ ಸಾಲು

“ಅಕ್ಕಾ, ನಂಬಿದ್ರೆ ನಂಬಿ ಬಿಟ್ರೆ ಬಿಡಿ. ಸಾಹೇಬ್ರು ಸಾಲಲ್ಲಿ ನಿಂತಿದ್ದಾರೆ!”

ಜವಾನ ಬಾಗಿಲಿನ ಸಂದಿಯಲ್ಲಿ ತಲೆಯನ್ನಷ್ಟೇ ತೂರಿಸಿ ಹೇಳಿದ. ಕಚೇರಿಯಲ್ಲಿ ಅವನಿಗೆ ಟಾಂಟಾಂ ಎಂದೇ ಹೆಸರು. ಮೇಲಿನ ಮಹಡಿಯಲ್ಲಿ ಯಾರಾದರೂ ಸೀನಿದರೆ ಕೆಳಗಿನ ಮಹಡಿಯಲ್ಲಿ ಅವನು ನೆಗಡಿ ಎಂದು ಸಾರಿ ಮುಗಿಸಿರುತ್ತಿದ್ದ.

“ಯಾವ ಸಾಲಲ್ಲಿ?” ಎಂದಳು ಅವಳು, ಫಾರಂನಿಂದ ತಲೆಯೆತ್ತದೆ.

“ನಿಮ್ಮ ಸಾಲಲ್ಲೇ. ಕೈಯಲ್ಲಿ ಟೋಕನ್ ಹಿಡ್ಕೊಂಡು. ನಲವತ್ತೊಂದು. ಲೈಸೆನ್ಸ್ ನವೀಕರಣಕ್ಕೆ. ಹಿಂದೆ ನಿಂತಿರೋ ಹುಡುಗಿ ‘ಅಂಕಲ್, ಸ್ವಲ್ಪ ಮುಂದೆ ಹೋಗಿ’ ಅಂದ್ಲು. ಹೋದ್ರು ಪಾಪ!”

ಅವಳು ನಕ್ಕಳು. ವಾಹನ ಚಾಲನಾ ಪರವಾನಗಿ ಕಚೇರಿಯ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿ ಕೂತು ದಿನಕ್ಕೆ ಅರವತ್ತು ಎಪ್ಪತ್ತು ಜನರ ದೃಷ್ಟಿ ಪರೀಕ್ಷಿಸುವುದು ಅವಳ ಕೆಲಸ. ಗೇಟಿನ ಹೊರಗಿನ ಏಜೆಂಟರು ಅವಳಿಗೆ ಕಣ್ಣಮ್ಮ ಎಂದು ಹೆಸರಿಟ್ಟಿದ್ದರು. ಬೈಗುಳವೆಂದೇ ಇಟ್ಟದ್ದು. ಆರು ವರ್ಷ ಕರೆದೂ ಕರೆದೂ ಅದರ ಮೊನೆ ಸವೆದು, ಈಗ ಕಚೇರಿಯವರೂ ಹಾಗೆಯೇ ಕರೆಯುತ್ತಿದ್ದರು.

ಸಾಹೇಬರು ಸಾಲಿನಲ್ಲಿ ನಿಂತದ್ದು ಅವಳಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಎರಡು ವರ್ಷದ ಹಿಂದೆ ಈ ಕಚೇರಿಗೆ ಬಂದ ಮೊದಲ ವಾರವೇ ಅವರು ‘ಸಿಬ್ಬಂದಿ ಮತ್ತು ಗಣ್ಯರಿಗೆ ಮಾತ್ರ’ ಎಂಬ ಕಿಟಕಿಗೆ ಹಲಗೆ ಹೊಡೆಸಿ, ‘ಎಲ್ಲರಿಗೂ ಒಂದೇ ಸಾಲು’ ಎಂದು ಬೋರ್ಡು ಬರೆಸಿದ್ದರು. ಗಣ್ಯರು ಫೋನ್ ಮಾಡಿ ಕೂಗಾಡಿದರು. ಸಾಹೇಬರು ಎಲ್ಲರಿಗೂ ಒಂದೇ ದನಿಯಲ್ಲಿ “ಬನ್ನಿ, ಟೋಕನ್ ತಗೊಳ್ಳಿ” ಎಂದರು. ಬೆನ್ನ ಹಿಂದೆ ಅವರನ್ನು ಸ್ಕೇಲು ಎಂದು ಕರೆಯುವ ಗುಮಾಸ್ತರೂ, ಆ ಸ್ಕೇಲು ನೆಟ್ಟಗಿದೆ ಎಂಬುದನ್ನು ಮಾತ್ರ ಒಪ್ಪುತ್ತಿದ್ದರು.

“ಇನ್ನೊಂದು ತಮಾಷೆ ಕೇಳಿ,” ಟಾಂಟಾಂ ಒಳಗೇ ಬಂದ. “ಬೆಳಿಗ್ಗೆ ನೀವು ವಾಪಸ್ ಕಳಿಸಿದ್ರಲ್ಲ, ಶಾಲೆ ವ್ಯಾನಿನ ಯಜಮಾನ್ರು, ಇನ್ನೂ ಬೆಂಚಿನ ಮೇಲೇ ಕೂತಿದ್ದಾರೆ. ಅವರ ಕಾಗದಕ್ಕೆ ಸಾಹೇಬ್ರ ಸೀಲು ಬೀಳಬೇಕು. ಸೀಲು ಹಾಕೋ ಸಾಹೇಬ್ರು ಅವರ ಎದುರಿಗೇ ಟೋಕನ್ ಹಿಡ್ಕೊಂಡು ನಿಂತಿದ್ದಾರೆ. ಈಗ ಯಾರು ಯಾರಿಗೆ ಕಾಯ್ಬೇಕು ಹೇಳಿ!”

“ನೀನು ಹೊರಗೆ ಹೋಗಿ ನಲವತ್ತನ್ನ ಕಳಿಸು ಮಾರಾಯ.”

ವ್ಯಾನಿನ ಯಜಮಾನರ ಮಾತು ಬಂದದ್ದೇ ಅವಳ ನಗು ಕರಗಿತು. ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಕ್ಕಳ ಹೆಸರು ಬರೆದ ಪುಟ್ಟ ಪುಸ್ತಕ. ಗೋಡೆಯ ಚಾರ್ಟಿನಲ್ಲಿ ಐದು ಸಾಲು ಓದಬೇಕಾದಲ್ಲಿ ಮೂರನೆಯ ಸಾಲಿಗೇ ಅವರ ಕಣ್ಣು ನಿಂತುಬಿಟ್ಟಿತ್ತು. “ಇಪ್ಪತ್ತೆಂಟು ವರ್ಷ ಆಯ್ತು ತಾಯಿ, ಒಂದು ಮಗುವಿಗೂ ಒಂದು ಗೀರು ಬಿದ್ದಿಲ್ಲ. ಸಂಜೆ ಹೊತ್ತು ಮಾತ್ರ ಸ್ವಲ್ಪ ಮಂಜು ಮಂಜು. ಹಗಲು ಏನೂ ತೊಂದರೆ ಇಲ್ಲ,” ಎಂದಿದ್ದರು. “ಈಗ ಹಗಲೇ ಅಲ್ವಾ ಯಜಮಾನ್ರೇ,” ಎಂದಿದ್ದಳು ಅವಳು. ಅವರು ಗೋಡೆಯನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ಎದ್ದು ಹೋಗಿದ್ದರು.

ಮೇಜಿನ ಡ್ರಾಯರಿನಲ್ಲಿ ಫೋನು ಗುರುಗುಟ್ಟಿತು. ಮಗಳು. ನಾಲ್ಕು ಗಂಟೆ.

“ಅಮ್ಮಾ, ಪಕ್ಕದ್ಮನೆ ಅಜ್ಜಿ ಮಲಗಿದ್ದಾರೆ. ಬೀಗದಕೈ ಕೇಳ್ಲಾ, ಬೇಡ್ವಾ?”

“ಮೆಲ್ಲಗೆ ಬಾಗಿಲು ತಟ್ಟು ಪುಟ್ಟಿ. ಏಳ್ಲಿಲ್ಲ ಅಂದ್ರೆ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡ್ತಿರು.”

“ನಿನ್ನೇನೂ ಮೆಟ್ಟಿಲ ಮೇಲೇ ಮಾಡಿದ್ದು.”

“ಗೊತ್ತು ಕಂದಾ. ಇಡ್ತೀನಿ.”

ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಶಾಖಾ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆಗೆ ಅವಳು ಅರ್ಜಿ ಕೊಟ್ಟು ಮೂರು ವಾರವಾಗಿತ್ತು. ಶುಕ್ರವಾರದೊಳಗೆ ಸಾಹೇಬರು ಶಿಫಾರಸು ಬರೆದು ಕಳಿಸಿದರೆ ಆಯಿತು, ಇಲ್ಲದಿದ್ದರೆ ಇನ್ನೆರಡು ವರ್ಷ ಎರಡೆರಡು ಬಸ್ಸು, ಮಗಳಿಗೆ ಮೆಟ್ಟಿಲು. ಇವತ್ತು ಬುಧವಾರ.

ನಲವತ್ತನೆಯವಳು ಹೋದ ಮೇಲೆ ಸಾಹೇಬರು ಒಳಗೆ ಬಂದರು. ತಾವೇ ಬಾಗಿಲು ಮುಂದೆ ಮಾಡಿ, ಟೋಕನನ್ನು ಮೇಜಿನ ಮೇಲಿಟ್ಟು, ನೆಲದ ಹಳದಿ ಗೆರೆಗೆ ಸರಿಯಾಗಿ ಕುರ್ಚಿಯ ಕಾಲು ಹೊಂದಿಸಿಕೊಂಡು ಕೂತರು.

“ಎಲ್ಲರಿಗೆ ಹೇಗೆ ಮಾಡ್ತೀರೋ ಹಾಗೇ ಮಾಡಿ.”

“ಆಗ್ಲಿ ಸರ್. ಎಡಗಣ್ಣು ಮುಚ್ಕೊಳ್ಳಿ. ಅಂಗೈಯಲ್ಲಿ. ಒತ್ಬೇಡಿ.”

ಕೋಣೆಯ ಆ ತುದಿಯ ಗೋಡೆಯ ಮೇಲೆ ಏಳು ಸಾಲಿನ ಅಕ್ಷರದ ಚಾರ್ಟು. ಸಾಹೇಬರು ಮೊದಲ ಸಾಲು ಓದಿದರು, ಎರಡನೆಯದು ಓದಿದರು. ಮೂರನೆಯದರಲ್ಲಿ ತುಸು ತಡವರಿಸಿ, ಕತ್ತು ಮುಂದೆ ಚಾಚಿ, ಅಂತೂ ಮುಗಿಸಿದರು. ಅವಳು ಫಾರಂನಲ್ಲಿ ಮೂರು ಗುರುತು ಹಾಕಿದಳು. ನಾಲ್ಕನೆಯ ಸಾಲಿಗೆ ಬಂದದ್ದೇ ಅವರ ದನಿ ಹಗುರಾಯಿತು, ಕತ್ತು ಹಿಂದಕ್ಕೆ ಹೋಯಿತು.

“ಗ, ಲ, ನ, ಟ, ಯ.”

ಅವಳ ಪೆನ್ನು ಗಾಳಿಯಲ್ಲೇ ನಿಂತಿತು.

“ಐದನೇದು: ಬ, ಸ, ಕ, ಣ, ಹ, ತ,” ಎಂದು ಅವರು ಮುಂದುವರಿಸಿದರು. ಮಗ್ಗಿ ಒಪ್ಪಿಸುವವರ ಹಾಗೆ, ಎಲ್ಲೂ ಉಸಿರು ಕಡಿಯದೆ.

ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಅದು ಗೋಡೆಯ ಮೇಲಿದ್ದ ಚಾರ್ಟಲ್ಲ. ಬೆಳಗಿನದು. ಮಧ್ಯಾಹ್ನ ಊಟ ಮುಗಿಸಿ ಬಂದವಳೇ ಅದನ್ನು ಅವಳು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟು, ಎರಡನೆಯದನ್ನು ನೇತುಹಾಕಿದ್ದಳು. ಎರಡಕ್ಕೂ ಮೇಲಿನ ಮೂರು ಸಾಲು ಒಂದೇ. ನಾಲ್ಕರಿಂದ ಕೆಳಗೆ ಬೇರೆ. ಏಜೆಂಟರು ಗೇಟಿನ ಹೊರಗೆ ಜನರಿಗೆ ಅಕ್ಷರ ಕಲಿಸಿ ಒಳಗೆ ಕಳಿಸುತ್ತಿದ್ದಾರೆ ಎಂದು ತಿಳಿದಾಗ, ಈ ಎರಡನೆಯ ಚಾರ್ಟು ತರಿಸಿದವರು ಸಾಹೇಬರೇ. ಪ್ರತಿ ಸೋಮವಾರ ಬದಲಾಯಿಸತಕ್ಕದ್ದು ಎಂದು ಆದೇಶ ಬರೆದವರೂ ಅವರೇ. ಸೋಮವಾರ ಬದಲಾಯಿಸಿದ್ದು ಮಂಗಳವಾರಕ್ಕೆ ಗೇಟಿನ ಹೊರಗೆ ಬಾಯಿಪಾಠವಾಗಿರುತ್ತದೆ ಎಂಬುದು ಕಣ್ಣಮ್ಮನಿಗೆ ಬಹಳ ಬೇಗ ತಿಳಿಯಿತು. ಅಂದಿನಿಂದ ಯಾರಿಗೂ ಹೇಳದೆ, ಮನಸ್ಸಿಗೆ ಬಂದಾಗ, ಕೆಲವೊಮ್ಮೆ ದಿನಕ್ಕೆ ಎರಡು ಸಲ ಬದಲಾಯಿಸುತ್ತಿದ್ದಳು.

ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಸಾಹೇಬರು ಈ ಕೋಣೆಗೆ ಬಂದದ್ದು ಈಗ ನೆನಪಾಯಿತು. ಟ್ಯೂಬ್‌ಲೈಟಿನ ಬೆಳಕು ಸಾಲದು ಎಂದಿದ್ದರು. ಕೈ ಹಿಂದೆ ಕಟ್ಟಿಕೊಂಡು ಚಾರ್ಟಿನ ಹತ್ತಿರವೇ ಬಹಳ ಹೊತ್ತು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ದೊಡ್ಡವರು ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡು ಅವಳು ಮೇಜು ಒರೆಸುತ್ತಿದ್ದಳು.

“ಆರನೇದೂ ಬೇಕಾ?” ಎಂದರು ಸಾಹೇಬರು.

ಗುರುತು ಹಾಕಿ ಸಹಿ ಮಾಡಿದರೆ ಮುಗಿಯಿತು. ಬಾಗಿಲು ಮುಚ್ಚಿದೆ, ನೋಡಿದವರಿಲ್ಲ. ಹಾಗೆ ನೋಡಿದರೆ ಅವರು ಸಾಲಿನಲ್ಲಿ ನಿಂತರು, ಟೋಕನ್ ತೆಗೆದುಕೊಂಡರು, ಅಂಕಲ್ ಅನ್ನಿಸಿಕೊಂಡರು. ಇನ್ನೆಷ್ಟು ಬೇಕು ಒಬ್ಬ ಮನುಷ್ಯನಿಂದ? ನಾಡಿದ್ದು ಶುಕ್ರವಾರ. ಮಗಳು ಈಗ ಮೆಟ್ಟಿಲ ಮೇಲೆ ಕೂತು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡಿರುತ್ತಾಳೆ. ಹಾಗೆ ಬರೆದರೆ ಅಕ್ಷರ ಓರೆಯಾಗುತ್ತದೆಂದು ಟೀಚರು ಬೈದಿದ್ದಾರೆ.

ಬಾಗಿಲಿನ ಆಚೆಯಿಂದ ವ್ಯಾನಿನ ಯಜಮಾನರ ಕೆಮ್ಮು ಕೇಳಿಸಿತು.

ಅವಳು ಎದ್ದು, ಕೋಲು ತೆಗೆದುಕೊಂಡು, ಚಾರ್ಟಿನ ಪಕ್ಕಕ್ಕೆ ಹೋಗಿ ನಿಂತಳು. ನಾಲ್ಕನೆಯ ಸಾಲಿನ ನಡುವಿನ ಅಕ್ಷರದ ಕೆಳಗೆ ಕೋಲಿಟ್ಟಳು.

“ಇದು, ಸರ್?”

“ನ.”

“ಇದು?”

“ಟ. ಓದಿದ್ನಲ್ಲಮ್ಮ ಈಗ ತಾನೇ.”

ಕೋಲಿನ ತುದಿಯಲ್ಲಿದ್ದದ್ದು ಪ. ಅವಳು ಕೋಲು ಇಳಿಸಿದಳು.

“ಸರ್, ಮಧ್ಯಾಹ್ನ ಚಾರ್ಟ್ ಬದಲಾಯಿಸಿದೆ.”

ಸಾಹೇಬರ ಕೈ ಕಣ್ಣಿನಿಂದ ಕೆಳಗಿಳಿಯಿತು. ಎರಡೂ ಕಣ್ಣು ತೆರೆದು ಗೋಡೆಯನ್ನೇ ನೋಡಿದರು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು.

“ಸೋಮವಾರ ಅಂತ ಅಲ್ವಾ ಆದೇಶದಲ್ಲಿ ಇರೋದು?”

“ಹೌದು ಸರ್. ಸೋಮವಾರಾನೂ ಬದಲಾಯಿಸ್ತೀನಿ. ಆದ್ರೆ ಏಜೆಂಟರು ಒಂದೇ ದಿನಕ್ಕೆ ಬಾಯಿಪಾಠ ಮಾಡಿಸಿಬಿಡ್ತಾರೆ. ಅದಕ್ಕೆ ನಾನೇ ಮಧ್ಯೆ ಮಧ್ಯೆ...”

ಬಾಯಿಪಾಠ ಎಂಬ ಮಾತು ಹೊರಬಿದ್ದ ಮೇಲೆ ಅವಳು ಕೋಲನ್ನು ಗೋಡೆಗೆ ಒರಗಿಸಿಟ್ಟಳು. ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು, ಮುಖ ಒರೆಸದೆ, ಹಾಗೇ ಮಡಚಿ ವಾಪಸ್ ಇಟ್ಟುಕೊಂಡರು.

“ಸಂಜೆ ಹೊತ್ತು ಮಾತ್ರ ಸ್ವಲ್ಪ ಮಂಜು,” ಎಂದರು. “ಹಗಲು ಏನೂ ತೊಂದರೆ ಇಲ್ಲ.”

ಬೆಳಿಗ್ಗೆ ಕೊಟ್ಟ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ನಿಮ್ಮ ವರ್ಗಾವಣೆ ಅರ್ಜಿ ನನ್ನ ಮೇಜಿನ ಮೇಲಿದೆ, ಅಲ್ವಾ?”

“ಇದೆ ಸರ್.”

ಅಷ್ಟೇ. ತಮ್ಮ ಬಾಯಿಂದಲೇ ಬಂದ ಮಾತು ತಮಗೇ ಈಗ ಕೇಳಿಸಿದವರ ಹಾಗೆ ಸಾಹೇಬರ ಕಿವಿ ಕೆಂಪಾಯಿತು.

“ಅದನ್ನ ಈಗ ಯಾಕೆ ಕೇಳಿದೆನೋ,” ಎಂದರು ನೆಲ ನೋಡುತ್ತ. “ಕೇಳಬಾರದಿತ್ತು. ನೀವು ನಿಮ್ಮ ಕೆಲಸ ಮಾಡಿ.”

ಅವಳು ಮೇಜಿಗೆ ಬಂದು ಕೂತಳು. ಬಲಗಣ್ಣು, ಮೂರನೆಯ ಸಾಲು. ಎಡಗಣ್ಣನ್ನೂ ಪರೀಕ್ಷಿಸಿದಳು. ಸಾಹೇಬರು ಈ ಸಲ ಮೂರನೆಯ ಸಾಲಿನ ಮಧ್ಯೆಯೇ ನಿಂತು, “ಇಷ್ಟೇ ಕಾಣೋದು” ಎಂದರು. ಅವಳು ಅಕ್ಷರ ಓರೆಯಾಗದಂತೆ ಬರೆದಳು. ಬೆಳಿಗ್ಗೆಯಿಂದ ಆರು ಜನರಿಗೆ ಹೇಳಿದ್ದನ್ನೇ ಏಳನೆಯವರಿಗೂ ಹೇಳಿದಳು.

“ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದಿರಬಹುದು, ತೆಗೆಸಿದ್ರೆ ಸರಿ ಹೋಗುತ್ತೆ. ಅರವತ್ತು ದಿನದೊಳಗೆ ಬಂದ್ರೆ ಫಾರಂ ಮತ್ತೆ ತುಂಬೋದು ಬೇಡ. ಈ ಕಾಗದ ಕೈಗೆ ಬಂದ ಹೊತ್ತಿನಿಂದ ಗಾಡಿ ಓಡಿಸೋ ಹಾಗಿಲ್ಲ. ಮೇಲೆ ಹೋಗಿ ಸಾಹೇಬ್ರ ಹತ್ರ ಸೀಲು...”

ನಾಲಿಗೆ ಕಚ್ಚಿಕೊಂಡಳು. ಸಾಹೇಬರು ಕಾಗದ ತೆಗೆದುಕೊಂಡರು. ಮುಖದಲ್ಲಿ ನಗುವಿನಂಥದೇನೋ ಸುಳಿಯಿತು.

“ಹಾಕಿಸ್ಕೋತೀನಿ,” ಎಂದರು.

ಕಾಲು ಗಂಟೆಯ ಮೇಲೆ ಟಾಂಟಾಂ ಓಡಿ ಬಂದ. “ಅಕ್ಕಾ, ಸಾಹೇಬ್ರು ಎರಡು ಕಾಗದಕ್ಕೆ ಸೀಲು ಹಾಕಿದ್ರು. ಒಂದು ವ್ಯಾನಿನ ಯಜಮಾನ್ರದ್ದು. ಇನ್ನೊಂದನ್ನ ಮಡಚಿ ಜೇಬಲ್ಲಿ ಇಟ್ಕೊಂಡ್ರು. ಯಾರದ್ದು ಅದು?”

“ನಂಗೇನು ಗೊತ್ತು.”

“ಕಾರಿನ ಕೀನ ನನ್ನ ಕೈಗೆ ಕೊಟ್ಟು, ಡ್ರಾಯರಲ್ಲಿ ಇಡು ಅಂದ್ರು. ಕಾರು ಕೆಟ್ಟಿದ್ಯಾ ಅಂತ ಕೇಳ್ದೆ. ಕಾರು ಚೆನ್ನಾಗಿದೆ ಅಂದ್ರು.” ಅವನು ಅವಳ ಮುಖವನ್ನೇ ನೋಡಿದ. ಜೀವಮಾನದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ಸಾರಬೇಕೋ ಬೇಡವೋ ಎಂದು ಯೋಚಿಸುವವನ ಹಾಗೆ ತಲೆ ಕೆರೆದುಕೊಂಡ. “ಹೋಗ್ಲಿ ಬಿಡಿ,” ಎಂದು ಹೊರಟು ಹೋದ.

ಐದೂವರೆಗೆ ಅವಳು ಬಸ್ ನಿಲ್ದಾಣಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸಿಮೆಂಟಿನ ಬೆಂಚಿನ ಒಂದು ತುದಿಯಲ್ಲಿ ವ್ಯಾನಿನ ಯಜಮಾನರು, ಇನ್ನೊಂದು ತುದಿಯಲ್ಲಿ ಸಾಹೇಬರು. ಇಬ್ಬರ ನಡುವೆ ಸಾಹೇಬರ ಚರ್ಮದ ಚೀಲ. ಅವಳನ್ನು ಕಂಡು ಸಾಹೇಬರು ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

“ಕೂತ್ಕೊಳ್ಳಿ.”

“ಪರವಾಗಿಲ್ಲ ಸರ್.”

“ಕೂತ್ಕೊಳ್ಳಿ ತಾಯಿ,” ಎಂದರು ಯಜಮಾನರು. “ನಮ್ಮಿಬ್ಬರನ್ನೂ ಇಲ್ಲಿ ಕೂರಿಸಿದವರು ನೀವೇ. ನೀವೊಬ್ಬರು ನಿಂತ್ರೆ ಚೆನ್ನಾಗಿರುತ್ತಾ?”

ಅವಳು ಗಾಬರಿಯಿಂದ ಸಾಹೇಬರ ಕಡೆ ನೋಡಿದಳು.

“ನಾನೇ ಹೇಳಿದೆ,” ಎಂದರು ಸಾಹೇಬರು. “ಕಾರು ಎಲ್ಲಿ ಅಂತ ಕೇಳಿದ್ರು.”

ಅವಳು ಇಬ್ಬರ ನಡುವೆ, ಬೆಂಚಿನ ಮುಂದಿನ ಅಂಚಿನಲ್ಲಿ ಕೂತಳು. ಯಜಮಾನರು ತಮ್ಮ ಪುಟ್ಟ ಪುಸ್ತಕ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ನಾಳೆ ಮಕ್ಕಳನ್ನು ಕರೆತರಲು ತಂಗಿಯ ಮಗನಿಗೆ ಹೇಳಬೇಕು, ಅವನಿಗೆ ಯಾರ ಮನೆ ಎಲ್ಲಿ ಎಂದು ಗೊತ್ತಿಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

“ಯಾವ ಬಸ್ಸು ನಿಮ್ಮದು?” ಸಾಹೇಬರು ಅವಳನ್ನು ಕೇಳಿದರು.

“ಹದಿನೇಳು ಸರ್. ಆಮೇಲೆ ಇನ್ನೊಂದು.”

“ನನಗೂ ಹದಿನೇಳೇ ಅಂತ ಯಾರೋ ಹೇಳಿದ್ರು. ಎಷ್ಟು ಹೊತ್ತಿಗೆ ಬರುತ್ತೆ?”

“ಅದು ಬಂದಾಗ ಬರುತ್ತೆ ಸರ್. ಒಂದೊಂದು ದಿನ ಅರ್ಧ ಗಂಟೆ, ಒಂದೊಂದು ದಿನ ಮುಕ್ಕಾಲು.”

“ಮನೆ ಮುಟ್ಟೋದು?”

“ಏಳೂವರೆ.”

“ದಿನಾ?”

“ದಿನಾ ಸರ್.”

ಸಾಹೇಬರು ರಸ್ತೆಯ ಕಡೆ ನೋಡಿದರು. ಅದೇ ರಸ್ತೆಯಲ್ಲಿ ಎರಡು ವರ್ಷ ದಿನವೂ ಕಾರು ಓಡಿಸಿದ್ದರು. ಫೋನು ಗುರುಗುಟ್ಟಿತು. ಅವಳು ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, “ಎದ್ರಾ ಅಜ್ಜಿ? ಸರಿ, ಒಳಗೆ ಕೂತು ಬರಿ. ದೀಪ ಹಾಕ್ಕೋ,” ಎಂದಳು. ಇಬ್ಬರು ಗಂಡಸರೂ ಕೇಳಿಸಲಿಲ್ಲವೆಂಬಂತೆ ಬೇರೆ ಬೇರೆ ಕಡೆ ನೋಡುತ್ತಿದ್ದರು.

ತಿರುವಿನಲ್ಲಿ ಒಂದು ಬಸ್ಸು ಕಾಣಿಸಿಕೊಂಡಿತು. ಸಾಹೇಬರು ಚೀಲ ಹಿಡಿದು ಅರ್ಧ ಎದ್ದರು. ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಮುಂದೆ ಚಾಚಿದರು.

“ಹದಿನೇಳಾ ಅದು?” ಎಂದು ಯಜಮಾನರನ್ನು ಕೇಳಿದರು.

“ನನ್ನನ್ನ ಕೇಳ್ತೀರಲ್ಲ ಸ್ವಾಮಿ!” ಎಂದರು ಅವರು. ಆದರೂ ಅವರೂ ಅರ್ಧ ಎದ್ದು, ಕಣ್ಣು ಕಿರಿದು ಮಾಡಿ ನೋಡಿದರು. ಬಸ್ಸು ಹತ್ತಿರವಾಯಿತು, ಹಣೆಯ ಮೇಲಿನ ಎರಡು ಅಂಕಿಗಳು ಬಿಸಿಲಿಗೆ ಹೊಳೆದವು. ಆಮೇಲೆ ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು.

“ಹನ್ನೊಂದು,” ಎಂದಳು ಅವಳು. “ನಮ್ಮದಲ್ಲ. ಕೂತ್ಕೊಳ್ಳಿ.”

ಇಬ್ಬರೂ ಕೂತರು.